ಜೋರ್ಡನ್‌ಗೆ ಆ ಪ್ರಶಸ್ತಿ ಒಂದೇ ಸಲ ಬಂದಿದ್ದಾ?

ನಾರ್ತ್ ಕ್ಯಾರೊಲಿನಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರಿಂದ ನೆಂಟರು ಬಂದರೆ ಚಾಪೆಲ್ ಹಿಲ್‌ಗೆ ಕರೆದುಕೊಂಡು ಹೋಗಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಓದಿದ ಯೂನಿವರ್ಸಿಟಿ ತೋರಿಸಬೇಕು. ಜೊತೆಯಲ್ಲಿ ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ನೋಡುವ ಹುಡುಗರಿದ್ದರೆ ಈ ಪ್ರಶ್ನೆ ಗ್ಯಾರಂಟಿ: "ಜೋರ್ಡನ್ ಇಲ್ಲಿ ಮೂರು ವರ್ಷ ಆಡಿದ್ದ ಅಲ್ವಾ? ಆದ್ರೆ ಎಸಿಸಿ ವರ್ಷದ ಆಟಗಾರ ಪ್ರಶಸ್ತಿ ಒಂದೇ ಸಲ ಬಂದಿದೆ. ಯಾಕೆ?"

ಹೌದು, ಒಂದೇ ಸಲ. 1984ರಲ್ಲಿ.

ಮೊದಲು ಎಸಿಸಿ ಅಂದರೇನು ಅಂತ ಹೇಳಿಬಿಡುತ್ತೇನೆ. ಸಿಮೆಂಟ್ ಅಲ್ಲ! ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಅಮೆರಿಕದ ಕಾಲೇಜು ತಂಡಗಳು ಒಂದೊಂದು ಕಾನ್ಫರೆನ್ಸ್‌ಗೆ ಸೇರಿಕೊಂಡು ತಮ್ಮತಮ್ಮೊಳಗೆ ಲೀಗ್ ಆಡುತ್ತವೆ. ಹಿಂದೆ ರಣಜಿಯಲ್ಲಿ ದಕ್ಷಿಣ ವಲಯದ ತಂಡಗಳು ಮೊದಲು ತಮ್ಮೊಳಗೇ ಆಡಿಕೊಂಡು ಆಮೇಲೆ ನಾಕೌಟ್‌ಗೆ ಹೋಗುತ್ತಿದ್ದವಲ್ಲ, ಹೆಚ್ಚುಕಡಿಮೆ ಹಾಗೇ. ಎಸಿಸಿ ಶುರುವಾಗಿದ್ದು 1953ರಲ್ಲಿ. ಮಾರನೇ ವರ್ಷದಿಂದಲೇ ವರ್ಷದ ಆಟಗಾರ ಪ್ರಶಸ್ತಿ ಇದೆ. ಮೊದಲ ಎರಡು ಸಲವೂ ಗೆದ್ದವನು ವೇಕ್ ಫಾರೆಸ್ಟ್‌ನ ಡಿಕಿ ಹೆಮ್ರಿಕ್. ಜೋರ್ಡನ್ ಕಾಲದಲ್ಲಿ ಲೀಗ್‌ನಲ್ಲಿ ಎಂಟೇ ತಂಡ. ಈಗ ಹದಿನೆಂಟು. ಪೆಸಿಫಿಕ್ ಕಡೆಯ ಸ್ಟ್ಯಾನ್‌ಫರ್ಡ್ ಕೂಡ 2024ರಿಂದ ಅಟ್ಲಾಂಟಿಕ್ ಕರಾವಳಿಗೆ ಸೇರಿಬಿಟ್ಟಿದೆ. ಭೂಗೋಳದ ಮೇಷ್ಟ್ರು ಕೇಳಿದರೆ ನಾನಂತೂ ಜವಾಬ್ದಾರನಲ್ಲ.

ಇನ್ನು ಪ್ರಶ್ನೆಗೆ ಬರೋಣ. ಅಡ್ಡ ಬಂದಿದ್ದು ಯಾರು ಅಂತ ಕೇಳಿದರೆ ಒಂದೇ ಹೆಸರು ಸಾಕು: ರಾಲ್ಫ್ ಸ್ಯಾಂಪ್ಸನ್. ವರ್ಜೀನಿಯಾ ತಂಡದ ಸೆಂಟರ್, ಏಳಡಿ ನಾಲ್ಕಿಂಚು ಎತ್ತರ. 1981, 82, 83, ಮೂರೂ ವರ್ಷ ಎಸಿಸಿ ಪ್ರಶಸ್ತಿ ಅವನದೇ. ಆ ಮೂರು ವರ್ಷ ಇಡೀ ದೇಶದ ಮಟ್ಟದ ನೈಸ್ಮಿತ್ ಪ್ರಶಸ್ತಿಯೂ ಅವನಿಗೇ. ಜೋರ್ಡನ್ ಕಾಲೇಜಿಗೆ ಬಂದಿದ್ದು 1981ರ ಕೊನೆಗೆ. ಅಂದರೆ ಅವನ ಮೊದಲ ಎರಡು ಸೀಸನ್ ಪೂರ್ತಿ ಸ್ಯಾಂಪ್ಸನ್ ಎದುರಿಗಿದ್ದ. ಸ್ಯಾಂಪ್ಸನ್ ಡಿಗ್ರಿ ಮುಗಿಸಿ ಹೊರಟ, ಮಾರನೇ ವರ್ಷವೇ ಜೋರ್ಡನ್‌ಗೆ ಸಿಕ್ಕಿತು.

ಇಷ್ಟಕ್ಕೆ ಹುಡುಗರು ಸುಮ್ಮನಾಗುವುದಿಲ್ಲ. "ಆದ್ರೆ 1982ರ ಫೈನಲ್‌ನಲ್ಲಿ ಗೆಲ್ಲಿಸಿದ್ದು ಜೋರ್ಡನ್ ಅಲ್ವಾ?" ನಿಜ. ನ್ಯೂ ಆರ್ಲಿಯನ್ಸ್‌ನಲ್ಲಿ ಜಾರ್ಜ್‌ಟೌನ್ ವಿರುದ್ಧ 63-62. ಎಡಗಡೆಯಿಂದ ಜೋರ್ಡನ್ ಹಾಕಿದ ಆ ಶಾಟ್ ಲೆಕ್ಕವಿಲ್ಲದಷ್ಟು ಸಲ ಟಿವಿಯಲ್ಲಿ ಬಂದಿದೆ. ಆದರೆ ಅದು ರಾಷ್ಟ್ರೀಯ ಟೂರ್ನಿ. ಕಾನ್ಫರೆನ್ಸ್ ಪ್ರಶಸ್ತಿ ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಆ ಶಾಟ್‌ಗೆ ಇಲ್ಲಿ ಬೆಲೆ ಇಲ್ಲ.

ಅಲ್ಲದೆ ಆ ವರ್ಷ ಜೋರ್ಡನ್ ತನ್ನ ತಂಡದಲ್ಲೇ ಮೊದಲಿಗನಾಗಿರಲಿಲ್ಲ. ಜೇಮ್ಸ್ ವರ್ದಿ ಇದ್ದ, ಸ್ಯಾಮ್ ಪರ್ಕಿನ್ಸ್ ಇದ್ದ. ಮೊದಲ ವರ್ಷದ ಹುಡುಗ ಜೋರ್ಡನ್‌ನ ಸರಾಸರಿ ಪಂದ್ಯಕ್ಕೆ 13.5 ಪಾಯಿಂಟ್. ಕಡಿಮೆ ಅನಿಸುತ್ತಾ? ಆಗಿನ ಆಟವೇ ಹಾಗಿತ್ತು. ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ ಇರಲಿಲ್ಲ. ಚೆಂಡು ಕೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ಸುತ್ತಬಹುದಿತ್ತು. 1982ರ ಎಸಿಸಿ ಫೈನಲ್‌ನಲ್ಲಿ ಜೋರ್ಡನ್ ತಂಡ ಸ್ಯಾಂಪ್ಸನ್ ತಂಡವನ್ನು ಸೋಲಿಸಿದ ಸ್ಕೋರ್ 47-45. ಕೋಚ್ ಡೀನ್ ಸ್ಮಿತ್ ದ್ವಿತೀಯಾರ್ಧದಲ್ಲಿ ನಿಮಿಷಗಟ್ಟಲೆ ಚೆಂಡು ಹಿಡಿದಿಡಲು ಹೇಳಿದರು. ಟಿವಿ ಮುಂದೆ ಕೂತವರು ಬೈದುಕೊಂಡಿರಬೇಕು. ಮುಂದಿನ ಸೀಸನ್‌ಗೇ ಎಸಿಸಿ ಪ್ರಯೋಗಕ್ಕೆ ಅಂತ 30 ಸೆಕೆಂಡ್ ಗಡಿಯಾರ ತಂದಿತು, ದೂರದಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಸಿಗುವ ಗೆರೆಯನ್ನೂ ಎಳೆಯಿತು. ಜೋರ್ಡನ್‌ನ ಸರಾಸರಿ 20ಕ್ಕೆ ಏರಿತು. ಜೋರ್ಡನ್‌ನನ್ನು 20 ಪಾಯಿಂಟ್‌ಗಿಂತ ಕೆಳಗೆ ಕಟ್ಟಿಹಾಕಿದ ಒಬ್ಬನೇ ಮನುಷ್ಯ ಡೀನ್ ಸ್ಮಿತ್ ಅನ್ನುವ ಜೋಕು ಇಲ್ಲಿ ಇವತ್ತಿಗೂ ಓಡುತ್ತದೆ.

ನಿಜವಾದ ತಕರಾರು ಇರುವುದು 1983ರ ಬಗ್ಗೆ. ಆ ಸೀಸನ್ ಜೋರ್ಡನ್ ತಂಡ, ಸ್ಯಾಂಪ್ಸನ್ ತಂಡ ಎರಡೂ ಲೀಗ್‌ನಲ್ಲಿ 12 ಗೆದ್ದು 2 ಸೋತವು. ಸಮ ಸಮ. ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆ ಆ ವರ್ಷ ಇಡೀ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅಂತ ಜೋರ್ಡನ್‌ನನ್ನು ಆರಿಸಿತು. ತನ್ನದೇ ಲೀಗ್‌ನಲ್ಲಿ ಮಾತ್ರ ಅವನು ಎರಡನೆಯವನು!

ಆ ವರ್ಷದ ಫೆಬ್ರವರಿಯ ಒಂದು ಪಂದ್ಯವನ್ನು ಹುಡುಕಿ ನೋಡಿ. ಚಾಪೆಲ್ ಹಿಲ್‌ನ ಹಳೇ ಕಾರ್ಮೈಕಲ್ ಒಳಾಂಗಣ. (ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ದೊಡ್ಡ ಸ್ಟೇಡಿಯಂ ಶುರುವಾಗಿದ್ದು 1986ರಲ್ಲಿ. ವಿದ್ಯಾರ್ಥಿಯಾಗಿ ಜೋರ್ಡನ್ ಅಲ್ಲಿ ಆಡೇ ಇಲ್ಲ. ನೆಂಟರಿಗೆ ಇದನ್ನು ಹೇಳಿದರೆ ಮುಖ ಸಪ್ಪಗಾಗುತ್ತದೆ.) ವರ್ಜೀನಿಯಾ ಒಂದು ಹಂತದಲ್ಲಿ 16 ಪಾಯಿಂಟ್ ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಅದು ಕರಗುತ್ತಾ ಬಂತು. ಮುನ್ನಡೆ ಒಂದೇ ಪಾಯಿಂಟ್ ಉಳಿದಾಗ ಚೆಂಡು ವರ್ಜೀನಿಯಾದ ರಿಕ್ ಕಾರ್ಲೈಲ್ ಕೈಯಲ್ಲಿದೆ. ಜೋರ್ಡನ್ ಅವನ ಮೈಮೇಲೆ ಬರುತ್ತಾನೆ, ಚೆಂಡನ್ನು ತಟ್ಟಿ ಕಿತ್ತುಕೊಳ್ಳುತ್ತಾನೆ, ಒಬ್ಬನೇ ಓಡಿ ಡಂಕ್ ಮಾಡುತ್ತಾನೆ, ಅಂದರೆ ಹಾರಿ ಚೆಂಡನ್ನು ಮೇಲಿಂದಲೇ ರಿಂಗ್‌ನೊಳಗೆ ತುರುಕುತ್ತಾನೆ. 64-63. ಸೂರು ಹಾರಿಹೋಗುವ ಹಾಗೆ ಕೂಗು. ಪಾಪ ಕಾರ್ಲೈಲ್. ಆಮೇಲೆ ಅವನೇ ಕೋಚ್ ಆಗಿ 2011ರಲ್ಲಿ ಡಲ್ಲಾಸ್‌ಗೆ ಎನ್‌ಬಿಎ ಗೆದ್ದುಕೊಟ್ಟ ಅನ್ನುವುದು ಒಂದು ಸಮಾಧಾನ.

ಇದನ್ನು ನೋಡಿದವರು ಜೋರ್ಡನ್‌ಗೆ ಅನ್ಯಾಯವಾಯಿತು ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಸ್ಯಾಂಪ್ಸನ್ ಆ ವರ್ಷ ಪಂದ್ಯಕ್ಕೆ ಸುಮಾರು 19 ಪಾಯಿಂಟ್, 11ಕ್ಕೂ ಜಾಸ್ತಿ ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ತೆಗೆದ. ಅವನು ನಿಂತಲ್ಲಿ ಎದುರಾಳಿಗಳು ರಿಂಗ್ ಹತ್ತಿರ ಬರುವುದಕ್ಕೇ ಯೋಚಿಸುತ್ತಿದ್ದರು. ನಾವು 1983ರ ಜೋರ್ಡನ್‌ನನ್ನು ನೋಡುವಾಗ ಆಮೇಲಿನ ಆರು ಎನ್‌ಬಿಎ ಕಪ್‌ಗಳನ್ನೂ ಸೇರಿಸಿಕೊಂಡು ನೋಡುತ್ತೇವೆ. ಮತ ಹಾಕಿದ ಪತ್ರಕರ್ತರ ಮುಂದೆ ಇದ್ದಿದ್ದು ಒಂದು ಚಳಿಗಾಲದ ಆಟ, ಅಷ್ಟೇ. ಸ್ಯಾಂಪ್ಸನ್‌ನ ಮೊಣಕಾಲು, ಬೆನ್ನು ಮುಂದೆ ಕೈಕೊಡುತ್ತವೆ ಅಂತ ಅವರಿಗೆ ಕನಸು ಬಿದ್ದಿತ್ತಾ?

ಮೂರು ಸಲ ಈ ಪ್ರಶಸ್ತಿ ಗೆದ್ದ ಇನ್ನೊಬ್ಬನೇ ಒಬ್ಬ ಇದ್ದಾನೆ. ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಡೇವಿಡ್ ಥಾಂಪ್ಸನ್, 1973ರಿಂದ 75. ನೆಲ ಬಿಟ್ಟು ಹಾರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತಮಾಷೆ ಅಂದರೆ ಆ ವರ್ಷಗಳಲ್ಲಿ ಕಾಲೇಜು ಆಟದಲ್ಲಿ ಡಂಕ್‌ಗೆ ನಿಷೇಧ. ತನ್ನ ಕೊನೆಯ ಹೋಮ್ ಮ್ಯಾಚ್‌ನಲ್ಲಿ ಆಗಿದ್ದಾಗಲಿ ಅಂತ ಒಂದು ಡಂಕ್ ಹೊಡೆದ, ಟೆಕ್ನಿಕಲ್ ಫೌಲ್ ತಿಂದ. ಚಿಕ್ಕಂದಿನಲ್ಲಿ ಜೋರ್ಡನ್‌ಗೆ ಇವನೇ ಹೀರೋ. 2009ರಲ್ಲಿ ಹಾಲ್ ಆಫ್ ಫೇಮ್ ಸೇರುವಾಗ ತನ್ನನ್ನು ವೇದಿಕೆಗೆ ಕರೆದೊಯ್ಯಲು ಜೋರ್ಡನ್ ಆರಿಸಿಕೊಂಡಿದ್ದು ತನ್ನ ಕಾಲೇಜಿನವರನ್ನಲ್ಲ, ಎದುರಾಳಿ ಕಾಲೇಜಿನ ಥಾಂಪ್ಸನ್‌ನನ್ನು.

ಈಗ ಮೂರು ಸಲ ಗೆಲ್ಲುವುದು ಕನಸಿನ ಮಾತು. 2015ರಲ್ಲಿ ಡ್ಯೂಕ್‌ನ ಜಲೀಲ್ ಒಕಫೋರ್ ಮೊದಲ ವರ್ಷದಲ್ಲೇ ಗೆದ್ದ, ಹಾಗೆ ಗೆದ್ದವರಲ್ಲಿ ಅವನೇ ಮೊದಲಿಗ. ಗೆದ್ದು ಅದೇ ವರ್ಷ ಎನ್‌ಬಿಎಗೆ ಹೋದ. ಜಯಾನ್ ವಿಲಿಯಮ್ಸನ್, ಕೂಪರ್ ಫ್ಲ್ಯಾಗ್ ಎಲ್ಲ ಹಾಗೇ, ಬಂದರು, ಗೆದ್ದರು, ಹೊರಟರು. ಟಿಮ್ ಡಂಕನ್ ಥರ ನಾಲ್ಕು ವರ್ಷ ಕೂತು ಎರಡು ಸಲ ಗೆದ್ದು ಸೈಕಾಲಜಿ ಡಿಗ್ರಿ ಹಿಡಿದು ಹೋಗುವವರು ಕಡಿಮೆ.

ಹಾಗಂತ ಗೆದ್ದವರ ಪಟ್ಟಿ ಯಾವಾಗಲೂ ಸರಿ ಅಂತಲ್ಲ. ಪಟ್ಟಿ ನೋಡುವಾಗ ನಾನು 1969 ಮತ್ತು 70ರಲ್ಲಿ ನಿಲ್ಲುತ್ತೇನೆ. ಎರಡೂ ವರ್ಷ ಸೌತ್ ಕ್ಯಾರೊಲಿನಾದ ಜಾನ್ ರೋಷ್ ಹೆಸರಿದೆ. ಒಳ್ಳೆಯ ಗಾರ್ಡ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಇರಬೇಕಾಗಿದ್ದ ಹೆಸರು ಚಾರ್ಲಿ ಸ್ಕಾಟ್. ಚಾಪೆಲ್ ಹಿಲ್‌ನಲ್ಲಿ ಸ್ಕಾಲರ್‌ಶಿಪ್ ಮೇಲೆ ಆಡಿದ ಮೊದಲ ಕಪ್ಪು ಆಟಗಾರ. 1968ರ ಒಲಿಂಪಿಕ್ಸ್ ಚಿನ್ನದ ಪದಕ ಆಗಲೇ ಅವನ ಹತ್ತಿರ ಇತ್ತು. 1969ರ ಎಸಿಸಿ ಫೈನಲ್‌ನಲ್ಲಿ ಡ್ಯೂಕ್ ವಿರುದ್ಧ ಒಬ್ಬನೇ 40 ಪಾಯಿಂಟ್ ಹಾಕಿ ಕಪ್ ತಂದ. ಆದರೂ ಪ್ರಶಸ್ತಿ ಬರಲಿಲ್ಲ. ಸಾಲದ್ದಕ್ಕೆ ಕೆಲವು ಮತದಾರರು ಲೀಗ್‌ನ ಮೊದಲ ಐವರ ತಂಡದಲ್ಲೂ (ಆ ವರ್ಷದ ಅತ್ಯುತ್ತಮ ಐದು ಆಟಗಾರರ ಪಟ್ಟಿ) ಅವನ ಹೆಸರು ಬರೆದಿರಲಿಲ್ಲ. ಐದು ಜನರಲ್ಲೂ ಇಲ್ಲ ಅಂದರೆ ಅದು ಆಟ ನೋಡಿ ಹಾಕಿದ ಮತವಲ್ಲ, ಬಣ್ಣ ನೋಡಿ ಹಾಕಿದ್ದು. ನಾಜೂಕಾಗಿ ಹೇಳಲು ನನಗೆ ಬರುವುದಿಲ್ಲ.

ಸ್ಕಾಟ್‌ಗೆ ಎಷ್ಟು ಬೇಜಾರಾಯಿತು ಅಂದರೆ ಮುಂದೆ ಡೇವಿಡ್‌ಸನ್ ಕಾಲೇಜಿನ ವಿರುದ್ಧದ ರಾಷ್ಟ್ರೀಯ ಟೂರ್ನಿ ಪಂದ್ಯ ಆಡುವುದೇ ಬೇಡ ಅಂತ ಯೋಚಿಸಿದ್ದ. ಅಸಿಸ್ಟೆಂಟ್ ಕೋಚ್ ಕೂರಿಸಿಕೊಂಡು ಮಾತಾಡಿದರು. ಕೊನೆಗೆ ಆಡಿದ, 32 ಪಾಯಿಂಟ್ ಹಾಕಿದ, ಗೆಲ್ಲಿಸಿದ ಶಾಟ್ ಕೂಡ ಅವನದೇ. 87-85. ಮಾರನೇ ವರ್ಷ ಸರಾಸರಿ 27.1 ಪಾಯಿಂಟ್ ತಂದು ಲೀಗ್‌ನಲ್ಲೇ ಮೊದಲಿಗನಾದ. ಮತ್ತೆ ಪ್ರಶಸ್ತಿ ರೋಷ್‌ಗೆ. 1971ರಲ್ಲಿ ವೇಕ್ ಫಾರೆಸ್ಟ್‌ನ ಚಾರ್ಲಿ ಡೇವಿಸ್ ಈ ಪ್ರಶಸ್ತಿ ಪಡೆದ ಮೊದಲ ಕಪ್ಪು ಆಟಗಾರನಾದ. ಸ್ಕಾಟ್ ಆಗ ಕಾಲೇಜು ಬಿಟ್ಟಾಗಿತ್ತು.

ಮತ ಹಾಕುವವರ ಮನಸ್ಸು ಹೇಗೆ ತಿರುಗುತ್ತದೆ ಅನ್ನುವುದಕ್ಕೆ ಇನ್ನೆರಡು ವರ್ಷ ನೋಡಿ. 1966ರಲ್ಲಿ ಡ್ಯೂಕ್‌ನ ಸ್ಟೀವ್ ವ್ಯಾಸೆಂಡಾಕ್ ಲೀಗ್‌ನ ಎರಡನೇ ಐವರ ತಂಡದಲ್ಲಿದ್ದ. ಅಂದರೆ ಅವನಿಗಿಂತ ಮುಂದೆ ಐದು ಜನ ಇದ್ದರು ಅಂತ ಆಯಿತು. ಆದರೆ ವರ್ಷದ ಆಟಗಾರ ಅವನೇ! ಆ ಐವರ ತಂಡ ಆರಿಸಿದ್ದು ಎಸಿಸಿ ಟೂರ್ನಿಗೆ ಮೊದಲು, ಈ ಪ್ರಶಸ್ತಿಯ ಮತ ಬಿದ್ದಿದ್ದು ಟೂರ್ನಿ ಆದ ಮೇಲೆ. ಟೂರ್ನಿಯಲ್ಲಿ ಅವನೇ ಮಿಂಚಿದ್ದ. ಈಗ ಟೂರ್ನಿಗೆ ಮೊದಲೇ ಪ್ರಶಸ್ತಿ ಘೋಷಣೆ ಆಗುತ್ತದೆ, ಆ ಗೊಂದಲ ಇಲ್ಲ. ಇನ್ನೊಂದು 2013. ವರ್ಜೀನಿಯಾ ಟೆಕ್‌ನ ಎರಿಕ್ ಗ್ರೀನ್ ಸರಾಸರಿ 25 ಪಾಯಿಂಟ್ ಹಾಕಿ ಇಡೀ ದೇಶಕ್ಕೆ ಮೊದಲಿಗ. ಅವನ ತಂಡ ಎಸಿಸಿಯಲ್ಲಿ ಕಟ್ಟಕಡೆ. ಪತ್ರಕರ್ತರು ಅವನಿಗೇ ಕೊಟ್ಟರು. ನನಗಂತೂ ಖುಷಿ. ಜೊತೆಯವರು ಸೋತರೆ ಅವನೇನು ಮಾಡಬೇಕು?

ಹಾಗೇ ಈ ಪಟ್ಟಿಯಲ್ಲಿ ಹುಡುಕಿದರೂ ಸಿಗದ ಹೆಸರುಗಳಿವೆ. ಜೇಮ್ಸ್ ವರ್ದಿ, ವಿನ್ಸ್ ಕಾರ್ಟರ್, ಕ್ರಿಸ್ ಪಾಲ್, ಜೇಸನ್ ಟೇಟಮ್. ಕೈರಿ ಅರ್ವಿಂಗ್ ಡ್ಯೂಕ್‌ಗೆ ಆಡಿದ್ದೇ 11 ಪಂದ್ಯ, ಕಾಲ್ಬೆರಳಿನ ಗಾಯ. ಸ್ಟೆಫ್ ಕರಿ ಎಸಿಸಿಯಲ್ಲಿ ಆಡಲೇ ಇಲ್ಲ. ಅವನು ಡೇವಿಡ್‌ಸನ್‌ನಲ್ಲಿದ್ದ, ಪಕ್ಕದ ಸದರ್ನ್ ಕಾನ್ಫರೆನ್ಸ್‌ನ ಪ್ರಶಸ್ತಿ ಎರಡು ಸಲ ತೆಗೆದುಕೊಂಡ.

"ಸರಿ, ನಿಮ್ಮ ಕೈಯಲ್ಲಿ ಮತ ಇದ್ದಿದ್ರೆ?" ಅಂತ ಕೊನೆಗೊಂದು ಪ್ರಶ್ನೆ ಬರುತ್ತದೆ. 1982ಕ್ಕೆ ಸ್ಯಾಂಪ್ಸನ್. 1983ಕ್ಕೆ ಸ್ಯಾಂಪ್ಸನ್, ಸ್ವಲ್ಪ ತಲೆ ಕೆರೆದುಕೊಂಡು. 1984ಕ್ಕೆ ಜೋರ್ಡನ್, ಲೀಗ್‌ನಲ್ಲಿ ಆಡಿದ 14 ಪಂದ್ಯವನ್ನೂ ಗೆದ್ದ ತಂಡ ಅದು, ಯೋಚಿಸುವಂಥದ್ದೇ ಇಲ್ಲ. 1969 ಮತ್ತು 70, ಎರಡೂ ಸ್ಕಾಟ್‌ಗೆ.