ಹಳೆ ಪೇಟಿಯ ಸುರ್ ಕೆರೆಯುವ ಮುನ್ನ

ಶ್ರಾವಣ ಹತ್ತಿರ ಬಂತೆಂದರೆ ಕಲಬುರಗಿ ಸುತ್ತಿನ ಹಳ್ಳಿಗಳಲ್ಲಿ ಭಜನಾ ಮಂಡಳಿಯವರು ಅಟ್ಟದ ಮೇಲಿನ ಪೇಟಿ (ಹಾರ್ಮೋನಿಯಂ) ಕೆಳಗಿಳಿಸುತ್ತಾರೆ. ಎರಡು ಸ್ವರ ಮೂಕ, ಒಂದು ಗರಗರ, ತಿದಿಯಲ್ಲಿ ಗಾಳಿ ನಿಲ್ಲದು. ಕೂಡಲೇ ಸುರ್ (ಚೌಕಟ್ಟಿಗೆ ರಿವೆಟ್ ಹೊಡೆದ, ಗಾಳಿಗೆ ನಡುಗಿ ಸ್ವರ ಕೊಡುವ ಹಿತ್ತಾಳೆ ನಾಲಿಗೆ) ಬಿಚ್ಚಿ ಕೆರೆಯುತ್ತಾರೆ, ಇಲ್ಲವೇ ಹೊಸದು ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜರ್ಮನಿಯಿಂದ ಬಂದ ಇಲ್ಲವೇ ಗುಜರಾತಿನ ಪಾಲಿತಾಣಾದಲ್ಲಿ ತಯಾರಾದ ಹಳೆಯ ಹಿತ್ತಾಳೆ ಸುರ್‌ಗಳೇ ಪೇಟಿಯ ಜೀವ. ಕಟ್ಟಿಗೆ, ಚರ್ಮ, ಸ್ಪ್ರಿಂಗ್ ಬದಲಿಸಬಹುದು. ಕೆರೆದ ಹಿತ್ತಾಳೆ ಮರಳಿ ಬಾರದು.

ಮೊದಲು ಗಾಳಿ ನೋಡಿ. ಸ್ಟಾಪರ್ (ಗಾಳಿಯ ದಾರಿ ತೆರೆದು ಮುಚ್ಚುವ ಗುಬಟು) ಎಲ್ಲ ಮುಚ್ಚಿ, ಒಳತಿದಿ ತುಂಬಿಸಿ ಕೈ ಬಿಡಿ. ಬೇಗ ಇಳಿದರೆ ತೂತು ತಿದಿಯಲ್ಲೇ ಇದೆ. ಇಳಿಯದಿದ್ದರೆ ಸ್ಟಾಪರ್ ಎಳೆಯಿರಿ. ಈಗ ಇಳಿದರೆ ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಕೆಳಗಿನ ಚರ್ಮ ಸವೆದಿದೆ, ಇಲ್ಲವೇ ಸುರ್ ಹಲಗೆಯ ಅಂಚು ಸರಿಯಾಗಿ ಕೂತಿಲ್ಲ. ಜಾಗ ಹುಡುಕಲು ಹೊತ್ತಿಸಿದ ಊದಿನಕಡ್ಡಿಯನ್ನು ಸಂದುಗಳ ಬಳಿ ಒಯ್ಯಿರಿ, ಗಾಳಿ ಸೋರುವಲ್ಲಿ ಹೊಗೆ ಚದುರುತ್ತದೆ. ತೇಪೆಗೆ ತೆಳು ಕುರಿಚರ್ಮ, ಅಂಟಿಗೆ ಬಿಸಿ ಸರೇಸು (ಚರ್ಮ, ಎಲುಬು ಕುದಿಸಿ ಮಾಡಿದ ಅಂಟು). ಬಿಳಿ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ನಿಜ, ಆದರೆ ಮುಂದಿನ ರಿಪೇರಿಯವನು ಬಿಚ್ಚಲು ಹೋದರೆ ಕಟ್ಟಿಗೆಯೇ ಸೀಳುತ್ತದೆ. ಸರೇಸು ಬಿಸಿನೀರಿಗೆ ಬಿಡುತ್ತದೆ.

ಮಳೆಗಾಲದಲ್ಲಿ ಮನೆಗಳು ಒತ್ತಿದಲ್ಲೇ ಕೂತರೆ ಉಜ್ಜಿ ಸಣ್ಣ ಮಾಡಬೇಡಿ. ತೇವಕ್ಕೆ ಉಬ್ಬಿದ ಕಟ್ಟಿಗೆ 42 ಡಿಗ್ರಿ ಬಿಸಿಲಿಗೆ ಒಣಗಿದಾಗ ಅವೇ ಮನೆಗಳು ಸಡಿಲಾಗಿ ಕಟಕಟ ಅನ್ನುತ್ತವೆ.

ಇನ್ನು ಸುರ್. ಮೂಕ ಸ್ವರಕ್ಕೆ ಹೆಚ್ಚಿನ ಸಲ ಕಾರಣ ಧೂಳು, ಅದರಲ್ಲೂ ತೊಗರಿ ರಾಶಿ ಕಾಲದ ಧೂಳು. ಒಂದು ಸಲಕ್ಕೆ ಒಂದೇ ಸುರ್ ಬಿಚ್ಚಿ, ನಂಬರ್ ಬರೆದಿಡಿ. ನಾಲಿಗೆಯ ಕೆಳಗೆ ತೆಳು ಕಾಗದ ತೂರಿಸಿ ರಿವೆಟ್ಟಿನಿಂದ ತುದಿಯ ಕಡೆಗೆ ಎಳೆಯಿರಿ. ಹುಣಸೆಹುಳಿ, ಎಣ್ಣೆ, ಪಾಲಿಶ್ ಯಾವುದೂ ಬೇಡ. ಪಾತ್ರೆಗೆ ಒಗ್ಗುವುದು ನಾಲಿಗೆಗೆ ಒಗ್ಗದು. ಗರಗರ ಎಂದರೆ ಬೆಳಕಿಗೆ ಹಿಡಿದು ನೋಡಿ: ಎರಡೂ ಬದಿಯ ಸಂದು ಸಮ ಇಲ್ಲದಿದ್ದರೆ ನಾಲಿಗೆ ಚೌಕಟ್ಟಿಗೆ ತಾಗುತ್ತಿದೆ, ಮೆಲ್ಲಗೆ ನಡುವಿಗೆ ಸರಿಸಿದರೆ ಸಾಕು. ತುದಿ ಚೌಕಟ್ಟಿನಿಂದ ತುಸು ಮೇಲೆದ್ದಿರಬೇಕು. ತೀರ ಕೆಳಗಿದ್ದರೆ ಜೋರು ಗಾಳಿಗೆ ನುಡಿಯದು, ತೀರ ಮೇಲಿದ್ದರೆ ತಡವಾಗಿ ನುಡಿದು ಗಾಳಿ ತಿನ್ನುತ್ತದೆ.

ಇಷ್ಟಾದ ಮೇಲೂ ಸ್ವರ ತಪ್ಪಿದ್ದರೆ ಮಾತ್ರ ಕೆರೆಯುವ ಮಾತು. ನಾಲಿಗೆಯ ಕೆಳಗೆ ತೆಳು ಉಕ್ಕಿನ ಪಟ್ಟಿ ಕೊಟ್ಟು ತುದಿ ಕೆರೆದರೆ ಸ್ವರ ಏರುತ್ತದೆ, ರಿವೆಟ್ ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಬಾಲಿ ದ್ವೀಪದ ಗ್ಯಾಮೆಲಾನ್ ವಾದ್ಯಮೇಳದ, ಬಡಿದು ನುಡಿಸುವ ಕಂಚಿನ ಪಟ್ಟಿಗಳಿಗೂ ಇದೇ ನ್ಯಾಯ: ತುದಿ ತೆಳುವಾದರೆ ಏರು, ನಡುವೆ ತೆಳುವಾದರೆ ಇಳಿವು. ಅಲ್ಲಿ ಜೋಡಿ ವಾದ್ಯಗಳನ್ನು ಬೇಕೆಂದೇ ತುಸು ಹೆಚ್ಚುಕಡಿಮೆ ಇಟ್ಟು ನಾದದಲ್ಲಿ ಅಲೆ ಎಬ್ಬಿಸುತ್ತಾರೆ. ನಮ್ಮ ಪೇಟಿಯ ಜೋಡಿ ಸುರ್‌ಗಳಲ್ಲಿ ಆ ಅಲೆ ಇಲ್ಲವಾಗುವವರೆಗೆ ಕೂಡಿಸಬೇಕು. ಎರಡೇ ಗೀರು ಎಳೆದು, ಪೇಟಿಯೊಳಗೇ ಕೂರಿಸಿ ಕೇಳಿ. ಹೊರಗೆ ಊದಿದಾಗ ಕೇಳುವ ಸ್ವರವೇ ಬೇರೆ. ಇಡೀ ಪೇಟಿ ಇಂದಿನ ಮಟ್ಟದ ಶ್ರುತಿಗಿಂತ (A ಸ್ವರಕ್ಕೆ 440 ಹರ್ಟ್ಸ್) ತುಸು ಏರಿದ್ದರೆ ಹಾಗೇ ಬಿಡಿ, ತಪ್ಪಿದ ಒಂದೆರಡನ್ನು ಉಳಿದವಕ್ಕೆ ಹೊಂದಿಸಿ.

ಶ್ರಾವಣ ಮುಗಿದ ಮೇಲೆ ತಗಡಿನ ಕೆಳಗಿನ ಅಟ್ಟಕ್ಕೆ ಮತ್ತೆ ಏರಿಸಬೇಡಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹಲಗೆ ಹಾಸಿ, ತಿದಿಯ ಕೊಂಡಿ ಹಾಕಿ, ಪೆಟ್ಟಿಗೆಯಲ್ಲಿಡಿ. ಸರೇಸಿನ ವಾಸನೆಗೆ ಇಲಿ ಬರುತ್ತವೆ, ಪೆಟ್ಟಿಗೆಯ ಮೂಲೆಗಳನ್ನೂ ನೋಡಿಕೊಳ್ಳಿ. ವಾರಕ್ಕೊಮ್ಮೆ ಎಲ್ಲ ಮನೆಗಳನ್ನೂ ಒಮ್ಮೆ ನುಡಿಸಿ.