ಬಟ್ಟಲು ತೊಳೆಯುವ ಶನಿವಾರ

ನಮ್ಮ ಚರ್ಚಿನ ಸಭೆಯಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ಸಂಸ್ಕಾರ, ತಿಂಗಳ ಮೊದಲ ಭಾನುವಾರ. ಹಿಂದೆ ಒಂದೇ ಪಾತ್ರೆ ಎಲ್ಲರ ತುಟಿಗೂ ಬರುತ್ತಿತ್ತು. ಕೊರೋನಾ ಬಂದು ಹೋದ ಮೇಲೆ ಹೆಬ್ಬೆರಳೆತ್ತರದ ಗಾಜಿನ ಬಟ್ಟಲುಗಳು ಬಂದವು. ಭಾನುವಾರ ಬೆಳಿಗ್ಗೆ ಅವು ಬಿಳಿ ಬಟ್ಟೆಯಡಿ ಸಾಲಾಗಿ ಕುಳಿತಿರುವುದನ್ನು ಎಲ್ಲರೂ ನೋಡುತ್ತಾರೆ. ಶನಿವಾರ ಅವನ್ನು ಯಾರು ತೊಳೆದಿಟ್ಟರು ಎಂದು ಕೇಳುವವರಿಲ್ಲ.

ಯಜಮಾನರು ತೀರಿಕೊಂಡ ನಂತರದ ತಿಂಗಳುಗಳಲ್ಲಿ ನಾನು ಮನಶ್ಶಾಂತಿಗಾಗಿ ಬಹಳ ಅಲೆದೆ. ಉಪವಾಸ ಪ್ರಾರ್ಥನೆ, ಬೆಂಗಳೂರಿನ ಧ್ಯಾನಕೂಟ, ಮೊಬೈಲಿನಲ್ಲಿ ಬೆಳಗಿನ ಜಾವದ ಸಂದೇಶ, ಯಾವುದನ್ನೂ ಬಿಡಲಿಲ್ಲ. ಕೂಟದಲ್ಲಿ ಅತ್ತು ಹಗುರಾಗುತ್ತಿದ್ದೆ; ರೈಲು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮತ್ತೆ ಎದೆ ಭಾರ. ಪಿಂಚಣಿ ಕಾಗದ, ಬ್ಯಾಂಕಿನ ಸಹಿ, ಪುಣೆಯಿಂದ ಮಗನ ಫೋನು, ಸೋರುವ ನಲ್ಲಿ ಒಂದು ಕಡೆ. ದೇವರು ಇನ್ನೊಂದು ಕಡೆ. ಅಲ್ಲಿದ್ದಾಗ ಇಲ್ಲಿಯವಳಲ್ಲ, ಇಲ್ಲಿದ್ದಾಗ ಅಲ್ಲಿಯವಳಲ್ಲ.

ಒಂದು ದಿನ ಆರಾಧನೆ ಮುಗಿದ ಮೇಲೆ ಅಯ್ಯನವರ, ಅಂದರೆ ನಮ್ಮ ಪಾದ್ರಿಗಳ, ಬಳಿ ಹೇಳಿಕೊಂಡೆ. ನಮ್ಮ ಅಯ್ಯನವರು ಚಿಕ್ಕ ವಯಸ್ಸಿನವರು, ನನ್ನ ವಿದ್ಯಾರ್ಥಿಯಾಗಿದ್ದರೂ ಆಗಬಹುದಾಗಿದ್ದವರು. "ಅಯ್ಯನವರೇ, ಏನು ಮಾಡಿದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ" ಎಂದೆ. ಪ್ರಾರ್ಥಿಸಿದರು. ಕಣ್ಣು ತೆರೆದವರೇ, "ಶನಿವಾರ ಸಂಸ್ಕಾರದ ಸಿದ್ಧತೆಗೆ ದೊಡ್ಡಮ್ಮನಿಗೆ ಒಂದು ಕೈ ಬೇಕಂತೆ. ಬರುತ್ತೀರಾ ಟೀಚರ್?" ಎಂದರು.

ನನಗೆ ಸಿಟ್ಟು ಬಂತು. ಕೇಳಿದ್ದೇನು, ಸಿಕ್ಕಿದ್ದೇನು!

ಭಾನುವಾರ ಶಾಲೆಯ ಮಕ್ಕಳಿಗೆ ನಾನೇ ನಾಮಾನನ ಕಥೆ ಹೇಳಿದ್ದೇನೆ. ಬೈಬಲಿನ ಎರಡನೆಯ ಅರಸುಗಳ ಪುಸ್ತಕ, ಐದನೆಯ ಅಧ್ಯಾಯ. ಅರಾಮ್ಯರ ಸೇನಾಪತಿ, ಆದರೆ ಕುಷ್ಠರೋಗಿ. ಬೆಳ್ಳಿ ಬಂಗಾರ ಹೇರಿಕೊಂಡು ರಥಗಳ ಸಮೇತ ಎಲೀಷನ ಬಾಗಿಲಿಗೆ ಬಂದರೆ ಪ್ರವಾದಿ ಹೊರಗೂ ಬರಲಿಲ್ಲ. ಯೊರ್ದನ್ ನದಿಯಲ್ಲಿ ಏಳು ಸಾರಿ ಸ್ನಾನ ಮಾಡಲಿ ಎಂದು ಆಳಿನ ಕೈಲಿ ಹೇಳಿ ಕಳುಹಿಸಿದ. ನಾಮಾನ ಉರಿದುಹೋದ. ದಮಸ್ಕದ ಅಬಾನಾ, ಪರ್ಪರ್ ನದಿಗಳಿಗಿಂತ ಈ ನೀರು ಹೆಚ್ಚಿನದೇ ಎಂದು ಕೇಳಿದ. ನಾನು ಹುಟ್ಟಿದ್ದು ಮಂಡ್ಯ ಸೀಮೆಯಲ್ಲಿ, ಕಾವೇರಿ ನಾಲೆಯ ಮಗ್ಗುಲಲ್ಲಿ. ಬೇರೆ ನದಿಯನ್ನು ಯಾರಾದರೂ ಹೊಗಳಿದರೆ ಹೇಗಾಗುತ್ತದೆ ಎಂದು ನನಗೆ ಗೊತ್ತು. ಕೊನೆಗೆ ಅವನ ಸೇವಕರೇ ಬುದ್ಧಿ ಹೇಳಬೇಕಾಯಿತು: ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ, ಇಷ್ಟು ಸಣ್ಣದಕ್ಕೆ ಏನು ತಕರಾರು? ನನಗೆ ಬುದ್ಧಿ ಹೇಳಲು ಸೇವಕರಿರಲಿಲ್ಲ. ಅಯ್ಯನವರಿಗೆ ಆಯಿತು ಎಂದು ಹೇಳಿಬಿಟ್ಟಿದ್ದೆ, ಅಷ್ಟೇ. ಒಪ್ಪಿಕೊಂಡ ಮೇಲೆ ಹೋಗದಿರುವುದು ಮೇಷ್ಟ್ರುಗಳ ಜಾತಿಗೆ ಒಗ್ಗುವುದಿಲ್ಲ.

ಶನಿವಾರ ದೇವರಾಜ ಮಾರುಕಟ್ಟೆಯಿಂದ ದ್ರಾಕ್ಷಿ ತರುವುದು ನನ್ನ ಪಾಲಿಗೆ ಬಂತು. ಬೀಜವಿಲ್ಲದ ಹಸಿರು ದ್ರಾಕ್ಷಿಯಲ್ಲ, ಬೆಂಗಳೂರು ನೀಲಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಬಾಯಿಗಿಟ್ಟರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುವ ಹಣ್ಣು. ಆಟೋದವರಿಗೆ ಚರ್ಚ್ ಎಂದೆ. ನೇರ ಸಂತ ಫಿಲೋಮಿನಾ ಚರ್ಚಿನ ಕಡೆ ತಿರುಗಿಸಿದರು. ತಪ್ಪು ಅವರದಲ್ಲ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಆ 175 ಅಡಿಯ ಜೋಡಿ ಗೋಪುರಗಳು ಇರುವ ಊರಿನಲ್ಲಿ ಉಳಿದ ಚರ್ಚುಗಳು ಯಾರ ಕಣ್ಣಿಗೆ ಬೀಳುತ್ತವೆ?

ದೊಡ್ಡಮ್ಮ ಎಂದರೆ ನನಗೆ ಸಂಬಂಧವಲ್ಲ, ಇಡೀ ಸಭೆಗೇ ದೊಡ್ಡಮ್ಮ. ವೆಸ್ಲಿಯನ್ ಮಿಷನರಿಗಳು ಹೆಂಗಸರು ಮಕ್ಕಳಿಗೆಂದು ತೆರೆದ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ಅವರ ಮಾತೇ ಶಾಸನ. ಬಟ್ಟಲಿಗೆ ಸೋಪು ಕೂಡದು, ವಾಸನೆ ಉಳಿಯುತ್ತದೆ. ಬಿಸಿನೀರು ಎರಡು ಸಲ. ಒರೆಸುವ ಬಟ್ಟೆ ಹಳೆಯ ಪಂಚೆಯದೇ ಆಗಬೇಕು, ಹೊಸ ಬಟ್ಟೆ ಜೂಲು ಬಿಡುತ್ತದೆ. ಒರೆಸಿದ ಮೇಲೆ ಕಿಟಕಿಗೆ ಹಿಡಿದು ನೋಡಬೇಕು, ಬೆರಳಚ್ಚು ಕಂಡರೆ ಮತ್ತೆ ನೀರಿಗೆ. ಬ್ರೆಡ್ಡಿನ ಅಂಚು ತೆಗೆದು ಬಿಳಿಯ ಭಾಗವನ್ನು ಮಾತ್ರ ಚೌಕವಾಗಿ ಕತ್ತರಿಸಬೇಕು. ಅಂಚೆಲ್ಲ ಅವರ ಕೋಳಿಗಳಿಗೆ. ಆ ಕೋಳಿಗಳಲ್ಲೊಂದು ಪ್ರತಿ ವರ್ಷ ಸುಗ್ಗಿ ಹಬ್ಬದ ಹರಾಜಿಗೆ ಬರುತ್ತದೆ. ಕೂಗಿ ಕೊಂಡವರು ಮತ್ತೆ ಸಭೆಗೇ ಕೊಟ್ಟುಬಿಡುತ್ತಾರೆ, ಮತ್ತೆ ಹರಾಜಾಗುತ್ತದೆ, ಕೋಳಿ ಮಾತ್ರ ಕಂಗಾಲಾಗಿ ಕೂತಿರುತ್ತದೆ.

ದ್ರಾಕ್ಷಿಯನ್ನು ಸಣ್ಣ ಉರಿಯಲ್ಲಿ ಬೇಯಿಸುವಾಗ ಸಿಪ್ಪೆ ಒಡೆದು ನೇರಳೆ ಬಣ್ಣ ಬಿಟ್ಟಿತು. ನಮ್ಮ ಯಜಮಾನರು ಇತಿಹಾಸದ ಮೇಷ್ಟ್ರು. ಹುಳಿಸದ ದ್ರಾಕ್ಷಿ ರಸದ ಹಿಂದೆ ಒಬ್ಬ ಹಲ್ಲಿನ ಡಾಕ್ಟರು ಇದ್ದಾನೆ ಎಂದು ಹೇಳುತ್ತಿದ್ದರು. ಅಮೆರಿಕದ ಥಾಮಸ್ ವೆಲ್ಚ್, ಮೆಥಡಿಸ್ಟ್ ಸಭೆಯವನು. ಕರ್ತನ ಭೋಜನದಲ್ಲಿ ಮದ್ಯ ಬೇಡವೆಂದು 1869ರಲ್ಲಿ ರಸವನ್ನು ಕುದಿನೀರಿನಲ್ಲಿ ಕಾಯಿಸಿ ಹುಳಿಯದಂತೆ ಇಟ್ಟವನು. ಊಟಕ್ಕೆ ಕೂತಾಗಲೆಲ್ಲ ಇಂಥದ್ದೊಂದು ಹೇಳದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಅದನ್ನು ದೊಡ್ಡಮ್ಮನಿಗೆ ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಕಟ್ಟಿತು. ಸೌಟು ಕೆಳಗಿಟ್ಟು ಕಣ್ಣು ಮುಚ್ಚಿ ನಿಂತೆ.

"ಪ್ರಾರ್ಥನೆ ಮಾಡಿ ಟೀಚರಮ್ಮ, ಬೇಡ ಎನ್ನುವುದಿಲ್ಲ. ಕೈ ನಿಲ್ಲಿಸಬೇಡಿ, ತಳ ಹಿಡಿಯುತ್ತದೆ" ಎಂದರು ದೊಡ್ಡಮ್ಮ.

ಅಳುತ್ತಲೇ ಸೌಟು ಆಡಿಸಿದೆ. ಆ ಹೊತ್ತಿನಲ್ಲಿ ಏನೋ ದರ್ಶನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ರಸ ಸೋಸಿದೆವು, ಕೈ ನೇರಳೆಯಾಯಿತು. ಆದರೆ ಅಳು, ದೇವರು, ಯಜಮಾನರು, ತಳ ಹಿಡಿಯುವ ಪಾತ್ರೆ, ಎಲ್ಲವೂ ಒಂದೇ ಅಡುಗೆಮನೆಯಲ್ಲಿ ಇದ್ದವು. ಯಾವುದನ್ನೂ ಹೊರಗೆ ನಿಲ್ಲಿಸಬೇಕಾಗಲಿಲ್ಲ. ಧ್ಯಾನಕೂಟದಲ್ಲಿ ನನಗೆ ಹೀಗಾಗಿರಲಿಲ್ಲ.

ಬಟ್ಟಲು ಒರೆಸುವಾಗ ನಾಮಾನನ ಮಾತು ತೆಗೆದೆ. ಮಕ್ಕಳಿಗೆ ನಾವು ಆ ಕಥೆಯನ್ನು ಅವನ ಚರ್ಮ ಎಳೆಯ ಮಗುವಿನದರಂತಾಯಿತು ಎನ್ನುವಲ್ಲಿಗೆ ನಿಲ್ಲಿಸುತ್ತೇವೆ. ಮುಂದೆ ಇರುವುದು ತೊಡಕಿನ ಮಾತು. ಇನ್ನು ಮೇಲೆ ಕರ್ತನೊಬ್ಬನನ್ನೇ ಆರಾಧಿಸುತ್ತೇನೆ ಎಂದವನೇ ನಾಮಾನ ಒಂದು ವಿನಾಯಿತಿ ಕೇಳುತ್ತಾನೆ: ನಮ್ಮ ಅರಸ ನನ್ನ ಕೈ ಹಿಡಿದು ತನ್ನ ದೇವರಾದ ರಿಮ್ಮೋನನ ಗುಡಿಯಲ್ಲಿ ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಅದೊಂದನ್ನು ಕ್ಷಮಿಸಬೇಕು. ಎಲೀಷ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಸಮಾಧಾನದಿಂದ ಹೋಗು ಎಂದ. ರೋಗ ಹೋಯಿತು, ಕೆಲಸ, ಅರಸ, ಇಕ್ಕಟ್ಟು ಎಲ್ಲ ಅಲ್ಲೇ ಉಳಿದವು. ಇದು ನನಗೆ ಮೊದಲಿನಿಂದಲೂ ಅರೆಬರೆ ಅನ್ನಿಸುತ್ತಿತ್ತು, ಹಾಗೆಂದೇ ಹೇಳಿದೆ.

ದೊಡ್ಡಮ್ಮ ಬಟ್ಟಲನ್ನು ಕಿಟಕಿಗೆ ಹಿಡಿದುಕೊಂಡೇ, "ವಾಸಿಯಾದವರು ಮನೆಗೇ ಹೋಗಬೇಕಲ್ಲ ಟೀಚರಮ್ಮ, ವಾರ್ಡಿನಲ್ಲೇ ಇಟ್ಟುಕೊಳ್ಳಲು ಆಗುತ್ತದೆಯೇ?" ಎಂದರು.

ಅಷ್ಟು ವರ್ಷ ಕೇಳಿದ ಪ್ರಸಂಗಗಳಲ್ಲಿ ಈ ಮಾತು ನನಗೆ ಸಿಕ್ಕಿರಲಿಲ್ಲ. ನಾನು ವಾರ್ಡಿನಲ್ಲೇ ಉಳಿಯಲು ಹೊರಟವಳು. ಶಾಂತಿ ಸಿಗುವ ಜಾಗ ಬೇರೆ, ನಲ್ಲಿ ಸೋರುವ ಮನೆ ಬೇರೆ ಎಂದುಕೊಂಡು ಅಲ್ಲಿಂದಿಲ್ಲಿಗೆ ರೈಲಿನಲ್ಲಿ ಓಡಾಡುತ್ತಿದ್ದೆ.

ವೆಸ್ಲಿಯ ಪರಂಪರೆಯಿಂದ ಬಂದ ನಮಗೆ ಹೊಸ ವರ್ಷದಲ್ಲಿ ಒಡಂಬಡಿಕೆಯ ಆರಾಧನೆ ಇರುತ್ತದೆ. ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದು. ಇನ್ನು ನಾನು ನನ್ನವನಲ್ಲ, ನಿನ್ನವನು. ಬೇಕಾದರೆ ಕೆಲಸಕ್ಕೆ ಹಚ್ಚು, ಬೇಡವಾದರೆ ಬದಿಗಿಡು, ತುಂಬಿಸು ಇಲ್ಲವೇ ಬರಿದು ಮಾಡು ಎನ್ನುವ ಅರ್ಥದ ಪ್ರಾರ್ಥನೆ ಅದರಲ್ಲಿದೆ. ಯಜಮಾನರ ಪಕ್ಕದಲ್ಲಿ ನಿಂತು ಪ್ರತಿ ಜನವರಿ ಸಲೀಸಾಗಿ ಒಪ್ಪಿಸುತ್ತಿದ್ದೆ. ಬರಿದು ಮಾಡು ಎಂದು ದೇವರಿಗೆ ಹೇಳುವುದು ಎಂಥ ಧೈರ್ಯದ ಮಾತು! ಈ ವರ್ಷ ಆ ಸಾಲಿನಲ್ಲಿ ನನ್ನ ದನಿ ನಿಂತಿತು, ಪಕ್ಕದವರ ದನಿ ಮುಂದೆ ಹೋಯಿತು, ಆಮೇಲೆ ಕೂಡಿಕೊಂಡೆ. ಕೆಲಸಕ್ಕೆ ಹಚ್ಚು ಎನ್ನುವ ಸಾಲಾದರೂ ಈಗ ನನಗೆ ನೇರಳೆ ಬಣ್ಣದಲ್ಲಿ ಕಾಣುತ್ತದೆ.

ಮಾರನೆಯ ದಿನ ಭೋಜನ ಮುಗಿದು ಬಟ್ಟಲುಗಳು ವಾಪಸು ಬಂದವು. ಒಂದರ ಅಂಚಿನಲ್ಲಿ ಲಿಪ್‌ಸ್ಟಿಕ್, ಒಂದರಲ್ಲಿ ಯಾರದೋ ಮಗು ತುರುಕಿದ ಬ್ರೆಡ್ಡಿನ ತುಣುಕು. ಮತ್ತೆ ಬಿಸಿನೀರು, ಮತ್ತೆ ಪಂಚೆಯ ಬಟ್ಟೆ. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಕ್ಕೆ ದೊಡ್ಡಮ್ಮನಿಂದ ಬೈಗುಳವೂ ಆಯಿತು. ಅಯ್ಯನವರು ಬಾಗಿಲಲ್ಲಿ ನಿಂತು, "ಹೇಗಿದ್ದೀರಿ ಟೀಚರ್, ಮನಸ್ಸು?" ಎಂದು ಕೇಳಿದರು.

"ಅಯ್ಯನವರೇ, ದ್ರಾಕ್ಷಿಗೆ ಸಭೆ ಕೊಡುವ ದುಡ್ಡು ಸಾಲುವುದಿಲ್ಲ. ಮುಂದಿನ ತಿಂಗಳಿಂದ ಹೆಚ್ಚಿಸಬೇಕು" ಎಂದೆ.

ಖಜಾಂಚಿಯನ್ನು ಕೇಳಿ ಎಂದರು. ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.