ಮೌನ ಕಂಡರೆ ತಟ್ಟುವ ಕೈ

ಥೆರಪಿಸ್ಟ್ ಆಗಿ ನಾನು ನಡೆಸಿದ ಆ ಸೆಷನ್ ಮುಗಿದು ಎರಡು ವರ್ಷವಾಯಿತು. ನೆನೆದರೆ ಈಗಲೂ ಎದೆ ಚುರ್ ಅನ್ನುತ್ತದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಎಂಟನೇ ಸೆಷನ್. ಆಕೆ, ನನ್ನ ಕ್ಲೈಂಟ್, ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಏನೋ ಹೊಳೆದವರಂತೆ ಹೇಳಿದರು: "ನಾನು ಹುಟ್ಟೋಕೆ ಒಂದು ವರ್ಷ ಮುಂಚೆ ಅಮ್ಮನಿಗೆ ಒಂದು ಮಗು ಆಗಿತ್ತಂತೆ. ಉಸಿರಿರಲಿಲ್ಲ." ಮೊದಲ ಭೇಟಿಯಲ್ಲಿ ತುಂಬಿಸುವ ಇಂಟೇಕ್ ಫಾರ್ಮಿನಲ್ಲಿ ಇದರ ಸುಳಿವೇ ಇರಲಿಲ್ಲ. ನಮ್ಮ ಫಾರ್ಮಿನಲ್ಲಿ ಜನನದ ಬಗ್ಗೆ ಇರುವುದು ಎರಡೇ ಚೌಕ: ನಾರ್ಮಲ್, ಸಿಸೇರಿಯನ್. ಬದಲಿಸಿ ಎಂದು ಮೂರು ಸಲ ಬರೆದು ಕೊಟ್ಟಿದ್ದೇನೆ, ಆಗಿಲ್ಲ.

ನಾನು ಆ ದಿನಗಳಲ್ಲಿ ಗರ್ಭಾವಸ್ಥೆಯ ಮನೋವಿಜ್ಞಾನವನ್ನೇ ಓದುತ್ತಿದ್ದೆ. ಹುಟ್ಟಿನ ಆಘಾತವೇ ಎಲ್ಲ ಆತಂಕದ ಮೂಲ ಎಂದು 1924ರಲ್ಲಿ ವಾದಿಸಿದ ಮನೋವಿಶ್ಲೇಷಕ ಒಟ್ಟೊ ರ‍್ಯಾಂಕ್. ಆ ವಾದವನ್ನು ಒಪ್ಪದೆಯೂ, ಗರ್ಭದೊಳಗಿನ ಬದುಕಿಗೂ ಶೈಶವಕ್ಕೂ ನಾವು ಅಂದುಕೊಂಡಷ್ಟು ದೊಡ್ಡ ಕಂದಕವಿಲ್ಲ ಎಂದು 1926ರಲ್ಲಿ ಬರೆದ ಫ್ರಾಯ್ಡ್. ತಲೆಯಲ್ಲಿ ಇವರೇ ತುಂಬಿದ್ದರು. ಆಕೆಯ ಮಾತು ಮುಗಿಯುವುದನ್ನೂ ಕಾಯದೆ ಅಂದುಬಿಟ್ಟೆ: "ಅಮ್ಮನ ಆ ಭಯ ಆಗಲೇ ನಿಮ್ಮ ಮೈಗೆ ಇಳಿದಿರಬಹುದು."

ಬೆರಳು ನಿಂತಿತು. "ಹಾಗಾದ್ರೆ ಅಮ್ಮನೇ ಕಾರಣವಾ?"

ಗಡಿಯಾರದಲ್ಲಿ ಇನ್ನೂ ಒಂಬತ್ತು ನಿಮಿಷವಿತ್ತು. ಅಲ್ಲೇ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನಾನು ವಿವರಿಸತೊಡಗಿದೆ. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಬಗ್ಗೆ, ನವಜಾತ ಶಿಶುಗಳು ತಾಯಿಯ ದನಿಯನ್ನು ಗುರುತಿಸಿ ಅದನ್ನೇ ಬಯಸುತ್ತವೆ ಎಂದು ತೋರಿಸಿದ 1980ರ ಪ್ರಯೋಗದ ಬಗ್ಗೆ. ತಾಯಿಯ ಕಾರ್ಟಿಸೋಲ್‌ನಲ್ಲಿ ಹೆಚ್ಚಿನ ಪಾಲನ್ನು ಮಾಸುವಿನಲ್ಲಿರುವ ಒಂದು ಕಿಣ್ವ ನಿಷ್ಕ್ರಿಯಗೊಳಿಸಿ ಮಗುವನ್ನು ಕಾಯುತ್ತದೆ ಎಂಬುದು ನನಗೆ ಗೊತ್ತಿತ್ತು. ಭ್ರೂಣಕ್ಕೆ ನಾವು ನೀವು ನೆನೆಯುವ ಹಾಗೆ ಘಟನೆಗಳ ನೆನಪು ಇರುವುದಿಲ್ಲ ಎಂಬುದೂ ಗೊತ್ತಿತ್ತು. ಅವೆರಡನ್ನೂ ಹೇಳಲಿಲ್ಲ. ಕಥೆ ಅಷ್ಟು ಚೆನ್ನಾಗಿ ಕೂಡಿಕೊಂಡಿತ್ತು. ಆಕೆ ನಾಲ್ಕು ನಿಮಿಷ ಮೊದಲೇ ಎದ್ದರು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

ಮುಂದಿನ ವಾರ ಬರಲಿಲ್ಲ. ಫೋನ್ ಮಾಡಿ ಹೇಳಿದ್ದರೂ ಸಾಫ್ಟ್‌ವೇರ್ ಅದನ್ನು 'ನೋ ಶೋ' (ತಿಳಿಸದೆ ಗೈರು) ಎಂದೇ ದಾಖಲಿಸಿತು. ಮ್ಯಾನೇಜ್‌ಮೆಂಟ್ ಆ ಸ್ಲಾಟನ್ನು ಬೇರೆಯವರಿಗೆ ಕೊಡಲು ಹೊರಟಿತ್ತು. ಜಗಳವಾಡಿ ಉಳಿಸಿಕೊಂಡೆ.

ಸೂಪರ್‌ವಿಷನ್‌ನಲ್ಲಿ, ಅಂದರೆ ಹಿರಿಯ ಥೆರಪಿಸ್ಟ್ ಮೇಡಂ ಒಬ್ಬರ ಜೊತೆ ನನ್ನ ಕೆಲಸವನ್ನು ಚರ್ಚಿಸುವಾಗ, ಸೆಷನ್ನಿನಲ್ಲಿ ನಡೆದದ್ದನ್ನು ಬರೆದಿಟ್ಟ ಪ್ರೊಸೆಸ್ ನೋಟ್ ಓದಿದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಆಕೆ ಸುಮ್ಮನಿದ್ದಾಗ ನಿಮ್ಮ ಮೈಗೆ ಏನಾಗುತ್ತಿತ್ತು?" ಉಸಿರು ಬಿಗಿಯುತ್ತಿತ್ತು. ಮೊದಲ ಸೆಷನ್ನಿನಿಂದಲೂ. ಕೌಂಟರ್‌ಟ್ರಾನ್ಸ್‌ಫರೆನ್ಸ್ (ಕ್ಲೈಂಟ್ ಎದುರು ಥೆರಪಿಸ್ಟ್‌ನೊಳಗೆ ಏಳುವ ಭಾವ) ಎಂದು ಒಂದೇ ಒಂದು ಸಲವೂ ನೋಟಿನಲ್ಲಿ ಬರೆದಿರಲಿಲ್ಲ. ದಣಿವು ಅಂದುಕೊಂಡಿದ್ದೆ.

ಮೂರನೇ ವಾರ ಬಂದರು. ನಾನೇ ಶುರು ಮಾಡಿದೆ: "ಅವತ್ತು ಅವಸರ ಮಾಡಿದೆ. ನಿಮ್ಮ ಅಮ್ಮನನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿದೆ. ಅದು ನನ್ನ ತಪ್ಪು." ಆಕೆ ತುಂಬಾ ಹೊತ್ತು ನೆಲ ನೋಡಿದರು.

"ಅಮ್ಮನ್ನ ಕೇಳಿದೆ," ಅಂದರು ಆಮೇಲೆ. "ರಾತ್ರಿಯಿಡೀ ಒದೆತ ಎಣಿಸ್ತಿದ್ದಳಂತೆ. ನಾನು ಸ್ವಲ್ಪ ಹೊತ್ತು ಅಲುಗಾಡದೆ ಇದ್ರೆ ಎದ್ದು ಕೂತು ಹೊಟ್ಟೆ ತಟ್ಟೋಳಂತೆ. ಇದೀಯಾ, ಇದೀಯಾ ಅಂತ." ನಕ್ಕರು, ಕಣ್ಣು ಒರೆಸಿಕೊಂಡರು. "ಈಗಲೂ ಹಾಗೇ. ನಾನು ಸುಮ್ಮನೆ ಕೂತ್ರೆ ಬಾಗಿಲು ತಟ್ಟುತ್ತಾಳೆ."

ನನ್ನ ನೋಟುಗಳು ಕಣ್ಣಮುಂದೆ ಬಂದವು. ಎಂಟು ಸೆಷನ್, ಪ್ರತಿ ಮೌನದ ಕೊನೆಗೂ ನನ್ನದೇ ದನಿ: ಏನು ಯೋಚನೆ ಮಾಡ್ತಿದ್ದೀರಿ, ಈಗ ಏನನ್ನಿಸ್ತಿದೆ, ಇಲ್ಲೇ ಇದ್ದೀರಾ. ಗರ್ಭದಲ್ಲಿ ಏನಾಯಿತೆಂದು ಊಹಿಸುವುದರಲ್ಲೇ ಮುಳುಗಿದ್ದ ನಾನು, ಅದೇ ತಟ್ಟುವಿಕೆಯನ್ನು ಪ್ರತಿ ವಾರ ಆ ಕೋಣೆಯಲ್ಲಿ ನಡೆಸಿದ್ದೆ. ಆ ಭಯ ಆಕೆಗೆ ಗರ್ಭದಲ್ಲೇ ಬಂತೋ, ಹುಟ್ಟಿದ ಮೇಲೆ ಅಮ್ಮನ ಕೈಯಿಂದ ದಿನದಿನವೂ ಬಂತೋ, ಬಿಡಿಸಿ ಹೇಳುವ ದಾರಿ ನನ್ನ ಬಳಿ ಇಲ್ಲ. ನಮ್ಮಿಬ್ಬರ ನಡುವೆ ಅದು ಇತ್ತು, ಅಷ್ಟು ನಿಜ.

ಆಕೆ ಮತ್ತೆ ಮೌನವಾದರು. ನನ್ನ ಉಸಿರು ಬಿಗಿಯಿತು, ಪ್ರಶ್ನೆ ಗಂಟಲಿಗೆ ಬಂತು. ಕೇಳಲಿಲ್ಲ. ಏಳು ನಿಮಿಷವಾದ ಮೇಲೆ ಆಕೆ ಬ್ಯಾಗನ್ನು ಮಡಿಲಿಂದ ಇಳಿಸಿ ನೆಲದ ಮೇಲಿಟ್ಟು ಕುರ್ಚಿಗೆ ಬೆನ್ನು ಆನಿಸಿದರು.